ಪಟಾಕಿ ಹಚ್ಚೋ ಮುಂಚೆ ಪಕ್ಕದ ಮನೆ ಬಾಗಿಲು ತಟ್ಟಿ

 

ದೀಪಾವಳಿಗೆ ಇನ್ನೂ ಮೂರು ವಾರ ಇದೆ. ಈಗಲೇ ಪಟಾಕಿ ಮಾತು ಯಾಕೆ ಅಂತ ಅನ್ನಿಸಬಹುದು. ಕಾರಣ ಇಷ್ಟೇ. ಇವತ್ತಿನ ವಿಷಯ ಹಬ್ಬದ ದಿನ ಮಾತಾಡಿದರೆ ಉಪಯೋಗಕ್ಕೆ ಬರೋದಿಲ್ಲ. ನಾಯಿಗೆ ಔಷಧಿ ಬೇಕು ಅಂದ್ರೆ ಡಾಕ್ಟರ್ ಹತ್ರ ಈಗಲೇ ಹೋಗಬೇಕು. ಸೊಸೈಟಿಯಲ್ಲಿ ಒಂದು ತೀರ್ಮಾನ ಆಗಬೇಕು ಅಂದ್ರೆ ಮೀಟಿಂಗ್ ಈಗಲೇ ಆಗಬೇಕು. ಪಟಾಕಿ ಡಬ್ಬ ಮನೆಗೆ ಬಂದ ಮೇಲೆ ಯಾರೂ ಯಾರ ಮಾತನ್ನೂ ಕೇಳೋದಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು "ಪಟಾಕಿ ಹೊಡೀಲೇಬೇಡಿ" ಅಂತ ಹೇಳೋಕೆ ಬಂದಿಲ್ಲ. ನನಗೆ ಏಳು ವರ್ಷದ ಮಗಳಿದ್ದಾಳೆ. ಅವಳಿಗೆ ಹೂಕುಂಡ ಅಂದ್ರೆ ಪ್ರಾಣ. ಹಬ್ಬಕ್ಕೆ ದಾವಣಗೆರೆಯಿಂದ ನಮ್ಮ ಅಪ್ಪಾಜಿ, ಅಮ್ಮ ಪುಣೆಗೆ ಬರ್ತಾರೆ. ಅಪ್ಪಾಜಿಗೆ ಸಿಒಪಿಡಿ, ಅಂದ್ರೆ ಶ್ವಾಸಕೋಶದ ಹಳೇ ಕಾಯಿಲೆ, ಹೊಗೆ ಆಗಿಬರೋದಿಲ್ಲ. ಒಂದೇ ಮನೆಯಲ್ಲಿ ಒಬ್ಬರಿಗೆ ಪಟಾಕಿ ಬೇಕು, ಇನ್ನೊಬ್ಬರಿಗೆ ಅದೇ ಉಸಿರುಗಟ್ಟಿಸುತ್ತೆ. ಈ ಎರಡನ್ನೂ ಹೇಗೆ ತೂಗಿಸೋದು ಅನ್ನೋದೇ ನನ್ನ ಪ್ರಶ್ನೆ. ನಿಮ್ಮಲ್ಲಿ ಬಹಳ ಜನರ ಮನೆಯ ಪ್ರಶ್ನೆಯೂ ಇದೇ ಇರುತ್ತೆ ಅಂದುಕೊಂಡಿದ್ದೀನಿ.

ಊರಿನ ಬೀದಿ ಬೇರೆ, ಇಲ್ಲಿನ ಟವರ್ ಬೇರೆ

ಊರಲ್ಲಿ ನಾವು ಮನೆ ಮುಂದಿನ ಬೀದಿಯಲ್ಲಿ ಪಟಾಕಿ ಹೊಡೆದವರು. ಅಕ್ಕಪಕ್ಕ ಒಂದಂತಸ್ತಿನ ಹಂಚಿನ ಮನೆಗಳು, ಮೇಲೆ ತೆರೆದ ಆಕಾಶ. ಸದ್ದು, ಹೊಗೆ ಎರಡೂ ಹಾಗೇ ಹರಡಿ ಹೋಗ್ತಿತ್ತು. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂತ ಇಡೀ ಬೀದಿಗೆ ಗೊತ್ತಿರ್ತಿತ್ತು. "ಆ ಕಡೆ ಹೋಗಿ ಹೊಡೀರೋ" ಅಂತ ಯಾರಾದರೂ ಒಬ್ಬರು ಗದರಿಸ್ತಿದ್ರು, ನಾವು ಹೋಗ್ತಿದ್ವಿ.

ಈಗ ನಾವಿರೋದು ಹದಿನಾಲ್ಕನೇ ಮಹಡಿಯಲ್ಲಿ. ನಾಲ್ಕು ಟವರ್, ನಡುವೆ ಒಂದು ಅಂಗಳ. ಆ ಅಂಗಳದಲ್ಲಿ ಒಂದು ಬಾಂಬ್ ಇಟ್ಟರೆ ಸದ್ದು ನಾಲ್ಕು ಗೋಡೆಗೆ ಬಡಿದು ಬಡಿದು ವಾಪಸ್ ಬರುತ್ತೆ. ಹೊಗೆ ಮೇಲೇಳದೆ ನಡುವೆಯೇ ನಿಲ್ಲುತ್ತೆ. ದೀಪಾವಳಿ ಹೊತ್ತಿಗೆ ರಾತ್ರಿ ತಣ್ಣಗಿರುತ್ತೆ, ಗಾಳಿ ಆಡೋದಿಲ್ಲ. ತಣ್ಣನೆ ಗಾಳಿ ನೆಲದ ಹತ್ರ ಕೂತುಬಿಟ್ಟರೆ ಹೊಗೆ ಮೇಲಕ್ಕೆ ಹೋಗೋಕೆ ದಾರಿ ಇರೋದಿಲ್ಲ. ಹಬ್ಬದ ಮಾರನೇ ಬೆಳಗ್ಗೆ ದೆಹಲಿಯಲ್ಲಿರುವವರು ಕಿಟಕಿ ತೆಗೆದರೆ ಕಾಣೋದು ಇದೇ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಇಲ್ಲಿ ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತ ನಮಗೆ ಗೊತ್ತಿರೋದಿಲ್ಲ. ಹತ್ತು ದಿನದ ಕೂಸು ಇರಬಹುದು. ಮೊನ್ನೆ ಆಪರೇಷನ್ ಆದವರು ಇರಬಹುದು. ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಕಿರುಚುವ ಆಟಿಸಂ ಇರುವ ಮಗು ಇರಬಹುದು. ಪುಣೆ, ಸಿಕಂದರಾಬಾದ್‌ನಂಥ ದಂಡು ಪ್ರದೇಶದ ಊರುಗಳಲ್ಲಿ ಸೇನೆಯಿಂದ ನಿವೃತ್ತರಾದವರು ಬಹಳ ಜನ ಇದ್ದಾರೆ, ಅವರಲ್ಲಿ ಕೆಲವರಿಗೆ ಸ್ಫೋಟದ ಸದ್ದು ಹಬ್ಬದ ಸದ್ದಾಗಿ ಕೇಳಿಸೋದಿಲ್ಲ. ಮತ್ತೆ ನಮ್ಮವರೇ ಇದ್ದಾರಲ್ಲ, ಅಮೆರಿಕ ಶಿಫ್ಟ್ ಮಾಡೋರು! ಹಬ್ಬದ ರಾತ್ರಿಯೂ ಆನ್‌ಕಾಲ್ ಇರುತ್ತೆ, ಬೆಳಗ್ಗೆ ಆರಕ್ಕೆ ಮಲಗಿ ಮಧ್ಯಾಹ್ನ ಏಳ್ತಾರೆ.

ಊರಲ್ಲಿ ಯಾರೂ ಕೇಳದೆ ತಿಳೀತಿದ್ದ ವಿಷಯವನ್ನ ಇಲ್ಲಿ ನಾವು ಬಾಗಿಲು ತಟ್ಟಿ ಕೇಳಿ ತಿಳ್ಕೋಬೇಕು.

ಕಾನೂನು ಏನು ಹೇಳುತ್ತೆ

ರಾತ್ರಿ 10 ರಿಂದ ಬೆಳಗ್ಗೆ 6 ರವರೆಗೆ ಸದ್ದು ಮಾಡುವ ಪಟಾಕಿ ಹೊಡೆಯಬಾರದು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ದೀಪಾವಳಿಯಂಥ ಹಬ್ಬಗಳಿಗೆ ರಾತ್ರಿ 8 ರಿಂದ 10, ಒಟ್ಟು ಎರಡು ಗಂಟೆ ಅಂತ ನಿಗದಿ ಮಾಡಿತು. ಅದೇ ತೀರ್ಪಿನಲ್ಲಿ ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕೆ ರಾತ್ರಿ 11.55 ರಿಂದ 12.30. "ನಮ್ಮ ಹಬ್ಬಕ್ಕೆ ಮಾತ್ರ ಯಾಕೆ ನಿಯಮ" ಅಂತ ವಾಟ್ಸಾಪ್‌ನಲ್ಲಿ ಕೇಳೋರಿಗೆ ಇದನ್ನ ತೋರಿಸಿ. ಅವರಿಗೆ ಎರಡು ಗಂಟೆ ಕೂಡ ಇಲ್ಲ, 35 ನಿಮಿಷ.

ಅದೇ ತೀರ್ಪು ಸರ ಪಟಾಕಿಯನ್ನೂ, ಬೇರಿಯಂ ಲವಣಗಳನ್ನೂ, ಆನ್‌ಲೈನ್ ಮಾರಾಟವನ್ನೂ ನಿಷೇಧಿಸಿತು. ಬೇರಿಯಂ ಅಂದ್ರೆ ಪಟಾಕಿಗೆ ಹಸಿರು ಬಣ್ಣ ಕೊಡೋ ರಾಸಾಯನಿಕ, ವಿಷಕಾರಿ. ಹಸಿರು ಪಟಾಕಿ ಅನ್ನೋ ಹೆಸರಿಗೂ ಈ ಹಸಿರು ಬಣ್ಣಕ್ಕೂ ಸಂಬಂಧ ಇಲ್ಲ, ಗೊಂದಲ ಬೇಡ.

ಕೆಲವು ಊರುಗಳಲ್ಲಿ ಸಮಯ ಬೇರೆ. ದಕ್ಷಿಣದವರು ಎಣ್ಣೆ ಸ್ನಾನ ಮಾಡಿ ಬೆಳಗಿನ ಜಾವವೇ ಪಟಾಕಿ ಹೊಡೀತಾರೆ. ಹಾಗಾಗಿ ತಮಿಳುನಾಡಿನಲ್ಲಿ ಬೆಳಗ್ಗೆ 6 ರಿಂದ 7, ಸಂಜೆ 7 ರಿಂದ 8 ಅಂತ ಎರಡು ಗಂಟೆಯನ್ನ ಹಂಚಿಕೊಂಡಿದ್ದಾರೆ. ಚೆನ್ನೈನಲ್ಲಿ ಇರುವವರಿಗೆ ಇದು ಅನ್ವಯ. ಮುಂಬೈ ಮಹಾನಗರ ಪ್ರದೇಶಕ್ಕೆ 2023ರಲ್ಲಿ ಬಾಂಬೆ ಹೈಕೋರ್ಟ್ ರಾತ್ರಿ 8 ರಿಂದ 10 ಅಂತ ಹೇಳಿತು. ದೆಹಲಿಯ ನಿಯಮ ವರ್ಷ ವರ್ಷ ಬದಲಾಗುತ್ತೆ. ನಿಮ್ಮ ಊರಿನ ಪೊಲೀಸ್ ಆದೇಶ ಹಬ್ಬದ ವಾರ ಪತ್ರಿಕೆಯಲ್ಲಿ ಬರುತ್ತೆ, ಅದನ್ನ ನೋಡಿ, ಸೊಸೈಟಿ ಗ್ರೂಪ್‌ಗೆ ಹಾಕಿ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಯಾವ ಹೊತ್ತಲ್ಲೂ ಇಲ್ಲ. ನಿಮ್ಮ ಕಾಂಪೌಂಡ್ ಪಕ್ಕವೇ ನರ್ಸಿಂಗ್ ಹೋಮ್ ಇದ್ದರೆ ಇದನ್ನ ಮರೀಬೇಡಿ.

ಇನ್ನು ಹಸಿರು ಪಟಾಕಿ. ಸಿಎಸ್‌ಐಆರ್‌ನ ನೀರಿ ಸಂಸ್ಥೆ ಇದನ್ನ ರೂಪಿಸಿತು, 2019ರಲ್ಲಿ ಮಾರುಕಟ್ಟೆಗೆ ಬಂತು. ಸ್ವಾಸ್, ಸಫಲ್, ಸ್ಟಾರ್ ಅಂತ ಮೂರು ಬಗೆ. ಮಾಮೂಲಿ ಪಟಾಕಿಗಿಂತ ಸುಮಾರು ಶೇ. 30 ರಷ್ಟು ಕಡಿಮೆ ಮಾಲಿನ್ಯ. ಡಬ್ಬದ ಮೇಲೆ ನೀರಿಯ ಲೋಗೋ, ಕ್ಯೂಆರ್ ಕೋಡ್ ಇರುತ್ತೆ. ಆದರೆ ಗಮನಿಸಿ, ಶೇ. 30 ಕಡಿಮೆ ಅಂದ್ರೆ ಉಳಿದ 70 ಇದ್ದೇ ಇದೆ. ಸದ್ದೂ ಇದೆ, ಹೊಗೆಯೂ ಇದೆ. "ಹಸಿರು ಪಟಾಕಿ ತಾನೇ" ಅಂತ ಹತ್ತು ಡಬ್ಬ ತಂದರೆ ಲೆಕ್ಕ ತಲೆಕೆಳಗಾಗುತ್ತೆ.

ಸದ್ದಿಗೂ ಮಿತಿ ಇದೆ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ದಾಟಬಾರದು. ಮಿತಿಯೊಳಗೇ ಇದ್ದರೂ 125 ಅಂದ್ರೆ ಮನುಷ್ಯನ ಕಿವಿಗೆ ನೋವಾಗುವ ಮಟ್ಟ. ಅಳೆಯೋದು ನಾಲ್ಕು ಮೀಟರ್‌ನಲ್ಲಿ ಅನ್ನೋದನ್ನ ನೆನಪಿಡಿ. ಮಗು ನಿಲ್ಲೋದು ಎರಡು ಮೀಟರ್‌ನಲ್ಲಿ.

ಎಲ್ಲಿಂದ ತರ್ತೀರಿ

ಇದು ನಮ್ಮಂಥವರಿಗೆ ಬಹಳ ಮುಖ್ಯ. ಬೆಂಗಳೂರಿಗೆ ಬಂದವರು ಹೊಸೂರು ಗಡಿಯಲ್ಲಿ ಅಗ್ಗ ಅಂತ ಪಟಾಕಿ ಕೊಂಡು, ಕಾರಿನ ಡಿಕ್ಕಿಯಲ್ಲೋ ಸ್ಲೀಪರ್ ಬಸ್ಸಿನ ಲಗೇಜಿನಲ್ಲೋ ತುಂಬಿ ಹೈದರಾಬಾದಿಗೋ ಪುಣೆಗೋ ತರೋದು ಉಂಟು. ದಯವಿಟ್ಟು ಬೇಡ. ಬಸ್ಸಿನಲ್ಲಿ ನಿಮ್ಮ ಜೊತೆ ಮೂವತ್ತು ಜನ ಮಲಗಿರ್ತಾರೆ. ರೈಲಿನಲ್ಲಿ ಒಯ್ಯೋದು 1989ರ ರೈಲ್ವೆ ಕಾಯ್ದೆಯ 164ನೇ ಕಲಂ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು ಆಗಬಹುದು. "ಎರಡೇ ಡಬ್ಬ ಸುರ್‌ಸುರ್ ಬತ್ತಿ" ಅನ್ನೋ ರಿಯಾಯಿತಿ ಅದರಲ್ಲಿಲ್ಲ.

ಅದೇ ಗಡಿಯ ಅತ್ತಿಬೆಲೆಯಲ್ಲಿ 2023ರ ಅಕ್ಟೋಬರ್ 7ರಂದು ಪಟಾಕಿ ಮಳಿಗೆ, ಗೋದಾಮು ಹೊತ್ತಿ ಉರಿದಿದ್ದು ನಿಮಗೆ ನೆನಪಿರಬಹುದು. ಹದಿನಾಲ್ಕಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಜನ ಸೀಸನ್ ಕೆಲಸಕ್ಕೆ ಅಂತ ತಮಿಳುನಾಡಿನಿಂದ ಬಂದ ಚಿಕ್ಕ ವಯಸ್ಸಿನ ಹುಡುಗರು. ಆಮೇಲೆ ಕರ್ನಾಟಕ ಸರ್ಕಾರ ಮದುವೆ, ಗಣೇಶೋತ್ಸವ, ರಾಜಕೀಯ ಮೆರವಣಿಗೆಗಳಲ್ಲಿ ಪಟಾಕಿ ನಿಷೇಧಿಸಿತು. ಅಗ್ಗದ ಪಟಾಕಿಯ ಬೆಲೆಯನ್ನ ಬೇರೆ ಯಾರೋ ಕಟ್ಟಿರ್ತಾರೆ. ಲೈಸೆನ್ಸ್ ಇರುವ ಅಂಗಡಿಯಲ್ಲಿ, ನೀವಿರುವ ಊರಲ್ಲೇ, ಎರಡು ದಿನಕ್ಕೆ ಬೇಕಾದಷ್ಟೇ ಕೊಳ್ಳಿ. ಉಳಿಸಿ ತುಳಸಿ ಹಬ್ಬಕ್ಕೆ ಅಂತ ಅಟ್ಟದ ಮೇಲೆ ಇಡಬೇಡಿ. ಗ್ಯಾಸ್ ಪೈಪ್ ಇರುವ ಅಡುಗೆಮನೆ ಯುಟಿಲಿಟಿಯಲ್ಲಂತೂ ಬೇಡವೇ ಬೇಡ.

ಕೈಗೆ, ಕಣ್ಣಿಗೆ, ಕಾಲಿಗೆ

ನಾವು ಪ್ರೊಡಕ್ಷನ್ ರಿಲೀಸ್‌ಗೆ ನಲವತ್ತು ಸಾಲಿನ ಚೆಕ್‌ಲಿಸ್ಟ್ ಮಾಡೋ ಜನ. ಏನಾದ್ರೂ ಕೆಟ್ಟರೆ ರೋಲ್‌ಬ್ಯಾಕ್ ಇರುತ್ತೆ. ಹಚ್ಚಿದ ಪಟಾಕಿಗೆ ರೋಲ್‌ಬ್ಯಾಕ್ ಇಲ್ಲ. ಆದ್ರೂ ಅದಕ್ಕೆ ನಾವು ಒಂದು ಸಾಲಿನ ಚೆಕ್‌ಲಿಸ್ಟೂ ಮಾಡೋದಿಲ್ಲ. ನಂದು ಇಲ್ಲಿದೆ, ಬೇಕಾದವರು ತಗೊಳ್ಳಿ.

ಸುರ್‌ಸುರ್ ಬತ್ತಿಯಿಂದ ಶುರು ಮಾಡೋಣ. ಪುಣೆಯಲ್ಲಿ ಫುಲಬಾಜಿ, ಚೆನ್ನೈನಲ್ಲಿ ಕಂಬಿ ಮತ್ತಾಪ್ಪು, ದೆಹಲಿಯಲ್ಲಿ ಫುಲ್‌ಝಡಿ. ಎಲ್ಲ ಊರಲ್ಲೂ ಇದನ್ನ ಚಿಕ್ಕ ಮಕ್ಕಳ ಕೈಗೆ ಕೊಡ್ತಾರೆ, ಸದ್ದಿಲ್ಲ ಅಂತ. ಅದರ ತುದಿಯ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸು. ನೀರು ಕುದಿಯೋದು ನೂರಕ್ಕೆ. ಐದು ವರ್ಷದ ಒಳಗಿನ ಮಗುವಿನ ಕೈಗೆ ಕೊಡಲೇಬೇಡಿ. ದೊಡ್ಡ ಮಕ್ಕಳಿಗೆ ಕೊಟ್ಟರೆ ಒಂದು ಸಲಕ್ಕೆ ಒಂದು, ಕೈ ಚಾಚಿ ಹಿಡಿಯಲಿ, ಪಕ್ಕದಲ್ಲಿ ದೊಡ್ಡವರು ಇರಲಿ. ಉರಿದು ಮುಗಿದ ತಕ್ಷಣ ಆ ಕಂಬಿ ನೀರಿನ ಬಕೆಟ್‌ಗೆ ಬೀಳಬೇಕು. ಕೆಂಪು ಆರಿ ಕಪ್ಪಗಾದ ಕಂಬಿ ನೆಲದ ಮೇಲೆ ಬಿದ್ದಿದ್ದರೆ ಕತ್ತಲಲ್ಲಿ ಕಾಣೋದಿಲ್ಲ, ಬರಿಗಾಲಲ್ಲಿ ಓಡೋ ಮಗು ಅದನ್ನೇ ತುಳಿಯುತ್ತೆ. ಆದ್ದರಿಂದ ಎಲ್ಲರ ಕಾಲಿಗೂ ಮುಚ್ಚಿದ ಚಪ್ಪಲಿ ಅಥವಾ ಶೂ.

ಬಟ್ಟೆ ಹತ್ತಿಯದಿರಲಿ, ಮೈಗೆ ಹತ್ತಿಕೊಂಡಿರಲಿ. ಹಬ್ಬದ ರೇಷ್ಮೆ ಲಂಗ, ನೈಲಾನ್ ದುಪಟ್ಟಾ ಪೂಜೆಗೆ ಚೆನ್ನ, ಪಟಾಕಿಗೆ ಅಲ್ಲ. ಕೈಗೆ ಸ್ಯಾನಿಟೈಸರ್ ಹಾಕಿಕೊಂಡು ಬೆಂಕಿ ಹತ್ರ ಹೋಗಬೇಡಿ, ಅದರಲ್ಲಿರೋದು ಆಲ್ಕೋಹಾಲ್.

ಹೂಕುಂಡ, ಭೂಚಕ್ರ, ಪಟಾಕಿ, ಯಾವುದೇ ಆಗಲಿ, ಉದ್ದನೆ ಊದುಬತ್ತಿಯಿಂದ ಹಚ್ಚಿ. ಅದರ ಮೇಲೆ ಬಾಗಬೇಡಿ. ಪಕ್ಕದಿಂದ ಕೈ ಚಾಚಿ ಹಚ್ಚಿ, ಹಿಂದಕ್ಕೆ ಬನ್ನಿ. ಬತ್ತಿ ಹತ್ತಿಲ್ಲ ಅಂತ ಬಗ್ಗಿ ಊದಿ ನೋಡೋದು ಇದೆಯಲ್ಲ, ಕಣ್ಣು ಕಳ್ಕೊಳ್ಳೋದು ಆಗಲೇ. ಟುಸ್ ಆದ ಪಟಾಕಿಯನ್ನ ಎರಡನೇ ಸಲ ಹಚ್ಚಬೇಡಿ. ಇಪ್ಪತ್ತು ನಿಮಿಷ ಬಿಟ್ಟು, ದೂರದಿಂದ ನೀರು ಸುರಿಯಿರಿ. ತೆಂಗಿನ ಚಿಪ್ಪು, ಡಬ್ಬ ಮುಚ್ಚಿ ಹೊಡೆಯೋ ಆಟ ನಾವೆಲ್ಲ ಊರಲ್ಲಿ ನೋಡಿದ್ದೀವಿ. ಅದು ಚೂರು ಚೂರಾಗಿ ಹಾರೋದು ಯಾರ ಮುಖಕ್ಕೆ ಅಂತ ಹೇಳೋಕಾಗೋದಿಲ್ಲ. ರಾಕೆಟ್‌ಗೆ ಟವರ್‌ಗಳ ನಡುವೆ ಜಾಗವೇ ಇಲ್ಲ. ಅದು ಹೋಗೋದು ಯಾರದೋ ಬಾಲ್ಕನಿಗೆ, ಅಲ್ಲಿ ಒಣಗಿಸಿದ ಬಟ್ಟೆ, ಆನ್‌ಲೈನ್ ಆರ್ಡರ್‌ನ ರಟ್ಟಿನ ಡಬ್ಬ ಇರುತ್ತೆ. ನಿಮ್ಮ ಬಾಲ್ಕನಿಯಲ್ಲೂ ಅವತ್ತು ಇವೆರಡೂ ಇರದಂತೆ ನೋಡಿಕೊಳ್ಳಿ.

ಪ್ರತಿ ದೀಪಾವಳಿಗೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಸುದ್ದಿ ನೋಡ್ತೀವಿ. ಅಲ್ಲಿ ಬರೋರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ನಿಂತು ನೋಡ್ತಿದ್ದವರು, ದಾರಿಯಲ್ಲಿ ಹೋಗ್ತಿದ್ದವರೂ ಇರ್ತಾರೆ. ಹಾಗಾಗಿ ಹಚ್ಚುವವರಿಗೆ ಮಾತ್ರ ಅಲ್ಲ, ನೋಡುವ ಮಕ್ಕಳಿಗೂ ಒಂದು ಸಾದಾ ಪ್ಲಾಸ್ಟಿಕ್ ರಕ್ಷಣಾ ಕನ್ನಡಕ ಕೊಡಿ.

ಅನಾಹುತ ಆದರೆ? ಸುಟ್ಟ ಜಾಗವನ್ನ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಗಡಿಯಾರ ನೋಡಿಕೊಂಡು ಇಪ್ಪತ್ತು. ಬಳೆ, ಉಂಗುರ ಊತ ಬರೋ ಮುಂಚೆ ತೆಗೀರಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಅರಿಶಿನ, ತುಪ್ಪ, ಇಂಕು ಯಾವುದೂ ಬೇಡ. ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಬಿದ್ದರೆ ಉಜ್ಜಬಾರದು, ಒತ್ತಬಾರದು, ಅಂಟಿದ್ದನ್ನ ಕೀಳಬಾರದು, ಡ್ರಾಪ್ಸ್ ಹಾಕಬಾರದು. ಕಾಗದದ ಲೋಟದ ತಳವನ್ನ ಕಣ್ಣಿಗೆ ತಾಗದ ಹಾಗೆ ಅಡ್ಡ ಹಿಡಿದು ಸೀದಾ ಕಣ್ಣಾಸ್ಪತ್ರೆಗೆ. ರಾತ್ರಿ ತೆರೆದಿರುವ ಕಣ್ಣಾಸ್ಪತ್ರೆ ನಿಮ್ಮ ಏರಿಯಾದಲ್ಲಿ ಯಾವುದು? ಇದನ್ನ ಈ ವಾರವೇ ಹುಡುಕಿ ಫೋನಲ್ಲಿ ಸೇವ್ ಮಾಡಿ. ಭಾಷೆ ಬರದ ಊರಲ್ಲಿ, ಹಬ್ಬದ ರಾತ್ರಿ, ಅಳೋ ಮಗು ಎತ್ತಿಕೊಂಡು ಹುಡುಕೋದು ಕಷ್ಟ. ತುರ್ತಿಗೆ 112, ಅಗ್ನಿಶಾಮಕಕ್ಕೆ 101.

ನಾಯಿ, ಬೆಕ್ಕು, ಹಕ್ಕಿ

ಮನುಷ್ಯನ ಕಿವಿಗೆ ಕೇಳೋದು ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು. ನಾಯಿಗೆ ಸುಮಾರು 45,000ದವರೆಗೆ, ಬೆಕ್ಕಿಗೆ ಅದಕ್ಕಿಂತಲೂ ಮೇಲೆ. ಅದಕ್ಕಿಂತ ಮುಖ್ಯ ವಿಷಯ ಏನು ಅಂದ್ರೆ, ನಮಗೆ ಇದು ಹಬ್ಬ ಅಂತ ಗೊತ್ತು. ಹತ್ತು ಗಂಟೆಗೆ ಮುಗಿಯುತ್ತೆ ಅಂತ ಗೊತ್ತು. ನಾಯಿಗೆ ಇವೆರಡೂ ಗೊತ್ತಿಲ್ಲ. ಅದರ ಮಟ್ಟಿಗೆ ಎಲ್ಲಿಂದಲೋ ಅಪಾಯ ಬಂದಿದೆ, ಓಡಬೇಕು, ಅಷ್ಟೇ.

ಎರಡು ವರ್ಷದ ಹಿಂದೆ ನಮ್ಮ ಟವರ್‌ನ ಒಂದು ಮನೆಯಲ್ಲಿ ಹೀಗೇ ಆಯ್ತು. ಲಕ್ಷ್ಮೀಪೂಜೆ ದಿನ ಯಾರೋ ಫರಾಳದ ತಟ್ಟೆ ಹಿಡಿದು ಬೆಲ್ ಮಾಡಿದ್ದಾರೆ, ಮನೆಯವರು ಬಾಗಿಲು ತೆಗೆದಿದ್ದಾರೆ, ಅದೇ ಹೊತ್ತಿಗೆ ಕೆಳಗೆ ಸುತಳಿ ಬಾಂಬ್. ಆರು ವರ್ಷ ಸಾಕಿದ ನಾಯಿ ಮೆಟ್ಟಿಲು ಇಳಿದು ಗೇಟು ದಾಟಿ ಹೋಯ್ತು. ಹದಿನೈದು ದಿನ ಹುಡುಕಿದ್ವಿ. ಹಿಂಜವಡಿ ರಸ್ತೆಯ ತುಂಬ ಪೋಸ್ಟರ್ ಅಂಟಿಸಿದ್ವಿ. ಸಿಗಲಿಲ್ಲ. ಬಾಂಬ್ ಇಟ್ಟವರು ಕೆಟ್ಟವರಲ್ಲ, ಬಾಗಿಲು ತೆಗೆದವರದೂ ತಪ್ಪಲ್ಲ, ಫರಾಳ ತಂದವರದಂತೂ ಅಲ್ಲವೇ ಅಲ್ಲ. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಅಷ್ಟೇ.

ನಾಯಿ ಸಾಕಿದವರು ಮಾಡಬೇಕಾದ್ದು ಹೇಳ್ತೀನಿ. ವಾಕಿಂಗ್ ಐದು ಗಂಟೆಯೊಳಗೆ ಮುಗಿಸಿ, ಪಟ್ಟಿ ಬಿಗಿಯಾಗಿರಲಿ, ಆಗಿದ್ದರೆ ಹಾರ್ನೆಸ್ ಹಾಕಿ. ಕೊರಳ ಬಿಲ್ಲೆಯ ಮೇಲಿನ ಫೋನ್ ನಂಬರ್ ನೋಡಿ. ನಮ್ಮಂಥವರಿಗೆ ಇದು ನಿಜವಾದ ಸಮಸ್ಯೆ, ಬೆಂಗಳೂರಲ್ಲಿದ್ದಾಗಿನ ಹಳೇ ನಂಬರ್ ಇನ್ನೂ ಅಲ್ಲೇ ಇರುತ್ತೆ. ಮನೆಯಲ್ಲಿ ಕಿಟಕಿ ಕಡಿಮೆ ಇರುವ ಒಳಕೋಣೆಯಲ್ಲಿ ಅದರ ಹಾಸಿಗೆ, ನೀರು ಇಡಿ. ಪರದೆ ಎಳೀರಿ, ಫ್ಯಾನ್, ಟಿವಿ ಹಾಕಿ. ಮಂಚದ ಕೆಳಗೋ ಬಚ್ಚಲಿನಲ್ಲೋ ಅಡಗಿ ಕೂತರೆ ಎಳೀಬೇಡಿ, ಅದಕ್ಕೆ ಅಲ್ಲಿ ಧೈರ್ಯ. ನಿಮ್ಮ ಹತ್ರ ಬಂದು ಒರಗಿದರೆ ಸವರಿ. "ಮುದ್ದು ಮಾಡಿದರೆ ಭಯ ಜಾಸ್ತಿ ಆಗುತ್ತೆ" ಅನ್ನೋದು ನಿಜ ಅಲ್ಲ. ಗದರಿಸಿದರೆ ಮಾತ್ರ ಜಾಸ್ತಿ ಆಗುತ್ತೆ. ಒಂಟಿಯಾಗಿ ಬಿಟ್ಟು ಊರಿಗೆ ಹೋಗಬೇಡಿ.

ವಿಪರೀತ ಹೆದರುವ ನಾಯಿ ಆದರೆ ಪಶುವೈದ್ಯರನ್ನ ಈಗಲೇ ನೋಡಿ. ಭಯ ಕಡಿಮೆ ಮಾಡೋ ಔಷಧಿಗಳಿವೆ, ಒಮ್ಮೆ ಮೊದಲೇ ಕೊಟ್ಟು ನೋಡಬೇಕಾಗುತ್ತೆ. ಬರೀ ಮಂಪರು ಬರಿಸೋ ಕೆಲವು ಹಳೇ ಔಷಧಿಗಳು ನಾಯಿಯನ್ನ ಅಲುಗಾಡದ ಹಾಗೆ ಮಾಡುತ್ತವೆ, ಭಯ ಒಳಗೇ ಇರುತ್ತೆ. ಹಾಗಾಗಿ "ಇದು ಭಯಕ್ಕಾ, ನಿದ್ದೆಗಾ" ಅಂತ ಕೇಳಿ. ಮನುಷ್ಯರ ಮಾತ್ರೆ ಯಾವುದನ್ನೂ ನೀವಾಗಿ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯುತ್ತೆ.

ಸದ್ದಿಗೆ ಅಭ್ಯಾಸ ಮಾಡಿಸಬಹುದಾ? ಮಾಡಿಸಬಹುದು, ಆದರೆ ನಿಧಾನವಾಗಿ. ಮೈಸೂರು ದಸರಾ ನೋಡಿದವರಿಗೆ ಗೊತ್ತಿದೆ. ಜಂಬೂಸವಾರಿ ದಿನ 21 ಕುಶಾಲತೋಪು ಹಾರಿಸ್ತಾರೆ. ಆ ಸದ್ದಿಗೆ ಆನೆ, ಕುದುರೆ ಬೆದರಬಾರದು ಅಂತ ವಾರಗಳ ಮುಂಚೆಯೇ ತೋಪು ಸಿಡಿಸಿ ತಾಲೀಮು ಮಾಡಿಸ್ತಾರೆ, ಮಾವುತ, ಕಾವಾಡಿಗಳು ಪಕ್ಕದಲ್ಲೇ ಇರ್ತಾರೆ. ಆದ್ರೂ ಹೊಸ ಆನೆ ಮೊದಲ ದಿನ ಬೆದರುತ್ತೆ. ಅಷ್ಟು ದೊಡ್ಡ ಪ್ರಾಣಿಗೇ ಅಷ್ಟು ತಯಾರಿ ಬೇಕಾದರೆ, ನಮ್ಮ ಸೋಫಾ ಮೇಲೆ ಮಲಗೋ ನಾಯಿಗೆ? ರೆಕಾರ್ಡ್ ಮಾಡಿದ ಪಟಾಕಿ ಸದ್ದನ್ನ ಕೇಳಿಸೀಕೇಳಿಸದ ಹಾಗೆ ಹಾಕಿ, ತಿಂಡಿ ಕೊಡಿ, ದಿನಕ್ಕೆ ಐದು ನಿಮಿಷ. ಬಾಲ ಮಡಚಿದರೆ ನಿಲ್ಲಿಸಿ. ಇದು ತಿಂಗಳುಗಟ್ಟಲೆ ಹಿಡಿಯೋ ಕೆಲಸ, ಈ ಹಬ್ಬಕ್ಕಲ್ಲದಿದ್ದರೂ ಮುಂದಿನದಕ್ಕೆ ಆಗುತ್ತೆ.

ಬೀದಿನಾಯಿಗಳಿಗೆ ಒಳಕೋಣೆ ಇಲ್ಲ. ಆ ಒಂದು ರಾತ್ರಿ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಬಂದು ಮಲಗಿದರೆ ಓಡಿಸಬೇಡಿ ಅಂತ ಸೆಕ್ಯುರಿಟಿಯವರಿಗೆ ಹೇಳಿ. ಬೆಳಗ್ಗೆ ಕಾರು ತೆಗೆಯೋ ಮುಂಚೆ ಬಾನೆಟ್ ತಟ್ಟಿ, ಕೆಳಗೆ ಬಗ್ಗಿ ನೋಡಿ, ಬೆಕ್ಕಿನ ಮರಿ ಇರುತ್ತೆ. ಪ್ರಾಣಿಯ ಬಾಲಕ್ಕೆ ಪಟಾಕಿ ಕಟ್ಟೋ ಹುಡುಗರು ಈಗಲೂ ಇದ್ದಾರೆ. ಅದು ಆಟ ಅಲ್ಲ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ಕೊಲ್ಲುಕುಡಿಪಟ್ಟಿ ಅಂತ ಒಂದು ಹಳ್ಳಿ. ಪಕ್ಕದಲ್ಲೇ ವೆಟ್ಟಂಗುಡಿ ಪಕ್ಷಿಧಾಮ. ಗೂಡು ಕಟ್ಟೋಕೆ ಬರೋ ವಲಸೆ ಹಕ್ಕಿಗಳು ಹೆದರಿ ಹೋಗಬಾರದು ಅಂತ ಆ ಊರವರು ದಶಕಗಳಿಂದ ದೀಪಾವಳಿಗೆ ಪಟಾಕಿ ಹೊಡೆಯೋದಿಲ್ಲ. ಅರಣ್ಯ ಇಲಾಖೆಯವರು ಬಂದು ಸಿಹಿ ಹಂಚ್ತಾರೆ. ಶಿವಕಾಶಿ ಇರುವ ರಾಜ್ಯದಲ್ಲೇ ಇದು ನಡೀತಿದೆ. ಅವರಿಗೆ ಯಾವ ಕೋರ್ಟೂ ಹೇಳಿಲ್ಲ. ಹೊರಗಿಂದ ಬಂದ ಹಕ್ಕಿ ನಮ್ಮ ಊರಿನ ಅತಿಥಿ ಅಂತ ಅವರೇ ತೀರ್ಮಾನಿಸಿದ್ದು. ಹೊರಗಿಂದ ಬಂದು ಇನ್ನೊಬ್ಬರ ಊರಲ್ಲಿ ಬದುಕ್ತಿರೋ ನಮಗೆ ಈ ಮಾತು ಬೇಗ ಅರ್ಥ ಆಗಬೇಕು.

ಸೊಸೈಟಿಯಲ್ಲಿ ಮಾತಾಡೋದು ಹೇಗೆ

ಆ ನಾಯಿ ಹೋದ ಮುಂದಿನ ವರ್ಷ ನಮ್ಮಲ್ಲಿ ಮೀಟಿಂಗ್ ಆಯ್ತು. ಒಬ್ಬರು "ಪೂರ್ತಿ ಬ್ಯಾನ್ ಮಾಡಿ" ಅಂದ್ರು. ಇನ್ನೊಬ್ಬರು "ವರ್ಷಕ್ಕೊಂದು ಹಬ್ಬ, ಅದಕ್ಕೂ ಅಡ್ಡಿನಾ" ಅಂದ್ರು. ದನಿ ಏರ್ತಾ ಹೋಯ್ತು. ಇಂಥಾ ಕಡೆ ನಾವು ಹೊರಗಿನವರು ಎದ್ದು ನಿಂತು ನಿಯಮ ಓದಿದರೆ ಕೇಳೋರಿರಲ್ಲ. ಹಾಗಾಗಿ ನಾವು ಒಂದಿಷ್ಟು ಜನ, ನಾನು, ಒಬ್ಬರು ಮರಾಠಿ ಕಾಕೂ, ಒಬ್ಬ ತೆಲುಗು ಹುಡುಗ, ಸೇರಿಕೊಂಡು ಒಂದು ಹಾಳೆ ತಗೊಂಡು ಮನೆ ಮನೆಗೆ ಹೋದ್ವಿ. ಕೇಳಿದ್ದು ನಾಲ್ಕೇ ಪ್ರಶ್ನೆ. ಮನೆಯಲ್ಲಿ ಎಳೇ ಮಗು ಇದೆಯಾ? ಕಾಯಿಲೆಯವರು, ವಯಸ್ಸಾದವರು ಇದ್ದಾರಾ? ಸಾಕುಪ್ರಾಣಿ ಇದೆಯಾ? ರಾತ್ರಿ ಪಾಳಿ ಇದೆಯಾ?

ಎಣಿಕೆ ನಾವಂದುಕೊಂಡಿದ್ದಕ್ಕಿಂತ ಬಹಳ ಜಾಸ್ತಿ ಬಂತು. ಹೆಸರು ಹಾಕದೆ, ಪ್ರತಿ ಟವರ್‌ಗೆ ಎಷ್ಟು ಮನೆ ಅಂತ ಮಾತ್ರ ಲಿಫ್ಟ್ ಪಕ್ಕ ಅಂಟಿಸಿದ್ವಿ. ಅದನ್ನ ನೋಡಿದ ಮೇಲೆ ಜಗಳ ತಾನಾಗೇ ತಣ್ಣಗಾಯ್ತು. "ಪರಿಸರ ಉಳಿಸಿ" ಅಂದ್ರೆ ಯಾರದೋ ವಿಷಯ. "ನಿಮ್ಮ ಟವರ್‌ನಲ್ಲೇ ಮೂರು ತಿಂಗಳೊಳಗಿನ ಕೂಸು ಇದೆ" ಅಂದ್ರೆ ನಮ್ಮ ವಿಷಯ.

ಆಮೇಲೆ ಮಾಡಿದ ತೀರ್ಮಾನ ಇದು. ಹಿಂದಿನ ಗೇಟಿನ ಬಯಲು ಒಂದೇ ಜಾಗ, ಟ್ರಾನ್ಸ್‌ಫಾರ್ಮರ್, ಗ್ಯಾಸ್ ಬ್ಯಾಂಕ್, ಪಾರ್ಕಿಂಗ್‌ನಿಂದ ದೂರ. ಸಮಯ 8 ರಿಂದ 9.30. ಸದ್ದಿನ ಪಟಾಕಿ ಮೊದಲ ಅರ್ಧ ಗಂಟೆ ಮಾತ್ರ, ಆಮೇಲೆ ಹೂಕುಂಡ, ಚಕ್ರ, ಸುರ್‌ಸುರ್ ಬತ್ತಿ. ಸರ ಪಟಾಕಿ, ರಾಕೆಟ್ ಇಲ್ಲ. ಎಲ್ಲರೂ ದುಡ್ಡು ಹಾಕಿ ಒಟ್ಟಿಗೆ ತಂದಿದ್ದು, ಹಾಗಾಗಿ ಒಟ್ಟು ಪಟಾಕಿಯೇ ಕಡಿಮೆ ಆಯ್ತು. ಎರಡು ಬಕೆಟ್ ನೀರು, ಒಂದು ಬುಟ್ಟಿ ಮರಳು, ಪಾಳಿಯಲ್ಲಿ ಇಬ್ಬರು ದೊಡ್ಡವರು. ಕೊನೆಗೆ ಕಸವನ್ನೆಲ್ಲ ನೀರಲ್ಲಿ ನೆನೆಸಿ ನಾವೇ ಗುಡಿಸಿದ್ವಿ. ಮಾರನೇ ಬೆಳಗ್ಗೆ ಐದಕ್ಕೆ ಬರೋ ಮಾವಶಿಯ ಪೊರಕೆಗೆ ಸಿಡಿಯದ ಪಟಾಕಿ ಸಿಗಬಾರದಲ್ಲ.

ಪೂರ್ತಿ ಸರಿ ಹೋಯ್ತಾ? ಇಲ್ಲ. ಹನ್ನೊಂದು ಗಂಟೆಗೆ ಒಬ್ಬರು ಸುತಳಿ ಬಾಂಬ್ ಶುರು ಮಾಡಿದ್ರು. ಇಂಥ ಹೊತ್ತಲ್ಲಿ ವಾಚ್‌ಮನ್‌ನ ಮುಂದೆ ಬಿಡಬೇಡಿ, ಅವನ ಕೆಲಸ ಹೋಗುತ್ತೆ. ಇಬ್ಬರು ಹೋಗಿ, ಅವರ ಭಾಷೆಯಲ್ಲೇ ಮಾತಾಡಿ, ತಪ್ಪು ತಪ್ಪಾಗಿ ಆದ್ರೂ ಪರವಾಗಿಲ್ಲ. "ಕಾಕಾ, ದಹಾ ವಾಜೇಪರ್ಯಂತ ಠೀಕ್ ಆಹೆ" ಅಂದ್ರೆ ಸಾಕು, ಮುಂದಿನದು ಅವರಿಗೆ ಗೊತ್ತು. ಅವರು ನಿಲ್ಲಿಸಿದ್ರು, ಗೊಣಗಿಕೊಂಡೇ. ಕೇಳದೇ ಇದ್ದರೆ 112 ಇದ್ದೇ ಇದೆ.

ಒಂದು ಮಾತು ನಮ್ಮವರಿಗೂ ಹೇಳಬೇಕು. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಿತು. ಹದಿನೆಂಟು ವರ್ಷ ಕಾದಿದ್ವಿ, ಸಂಭ್ರಮ ನನಗೂ ಇತ್ತು. ಅವತ್ತು ಹತ್ತು ಗಂಟೆ ಆದ ಮೇಲೆ ಪಟಾಕಿ ಹೊಡೆದಿದ್ದು ನಾವೇ. ದೀಪಾವಳಿ ಅಂದ್ರೆ ಜನ ಒಂದಿಷ್ಟು ತಯಾರಾಗಿರ್ತಾರೆ. ಮ್ಯಾಚ್, ಮದುವೆ, ಚುನಾವಣೆ ಪಟಾಕಿ ಯಾವ ಸೂಚನೆಯೂ ಇಲ್ಲದೆ ಬರುತ್ತೆ. ನಿಯಮ ಅಂದ ಮೇಲೆ ಅದು ನಮ್ಮ ಕಪ್‌ಗೂ ಸೇರಿ.

ಅಪ್ಪಾಜಿ ವಿಷಯ

ಕೊನೆಯದಾಗಿ, ಮನೆಯಲ್ಲಿ ಉಸಿರಾಟದ ತೊಂದರೆ ಇರುವವರಿದ್ದರೆ. ಇನ್‌ಹೇಲರ್, ನೆಬ್ಯುಲೈಸರ್ ಔಷಧಿ ಹಬ್ಬಕ್ಕೆ ನಾಲ್ಕು ದಿನ ಮೊದಲೇ ತಂದಿಡಿ, ಅವತ್ತು ಅಂಗಡಿ ಮುಚ್ಚಿರುತ್ತೆ. ಸಂಜೆ ಏಳರಿಂದ ಬೆಳಗಿನವರೆಗೆ ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ಒತ್ತಿ. ಒಳಗೆ ಊದುಬತ್ತಿ, ಧೂಪ ಹೆಚ್ಚು ಬೇಡ. ಮಾರನೇ ಬೆಳಗ್ಗೆ ವಾಕಿಂಗ್ ಬಿಡಿ. ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್. ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗದಷ್ಟು ಏದುಸಿರು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಅಪ್ಪಾಜಿಯನ್ನ ನಾನು ಕೇಳಿದ್ದೆ, ಈ ಸಲ ಮಗೂಗೆ ಪಟಾಕಿ ಬೇಡ ಅಂದುಬಿಡ್ಲಾ ಅಂತ. ಅವರು, "ಮಗೂಗೆ ಬೇಡ ಅನ್ನಬೇಡಪ್ಪ. ನನ್ನ ರೂಮಿನ ಕಿಟಕಿ ಮುಚ್ಚು, ಅವಳನ್ನ ಆ ಕಡೆ ಕರ್ಕೊಂಡು ಹೋಗು, ಸಾಕು" ಅಂದ್ರು. ಅವರು ಹೇಳಿದ್ದು ಸರಿ. ಆದರೆ ಅವರಿಗೆ ಕಿಟಕಿ ಮುಚ್ಚೋಕೆ ಮಗ ಇದ್ದಾನೆ, ಹೊಗೆ ಇಲ್ಲದ ಕಡೆ ಒಂದು ರೂಮಿದೆ. ಆರನೇ ಮಹಡಿಯಲ್ಲಿ ಒಬ್ಬರೇ ಇರುವ ಅಜ್ಜಿಗೆ ಯಾರಿದ್ದಾರೆ? ಅವರ ಮಗ ಇನ್ಯಾವುದೋ ದೇಶದಲ್ಲಿ, ನಮ್ಮ ಹಾಗೇ, ಲ್ಯಾಪ್‌ಟಾಪ್ ಮುಂದೆ ಕೂತಿದ್ದಾನೆ. ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ನಮ್ಮ ಅಪ್ಪ ಅಮ್ಮನ ಪಕ್ಕದ ಮನೆಯವರು ಹಬ್ಬದ ರಾತ್ರಿ ಅವರ ಬಾಗಿಲು ತಟ್ಟಿ ವಿಚಾರಿಸಲಿ ಅಂತ ನಾವು ಬಯಸ್ತೀವಲ್ಲ, ಇಲ್ಲಿ ಆ ಪಕ್ಕದ ಮನೆಯವರು ನಾವೇ.

ಹಾಗಾಗಿ ಈ ವಾರ ಮೂರು ಕೆಲಸ. ಎಡಬಲದ ಎರಡು ಮನೆ, ಮೇಲಿನ ಒಂದು, ಕೆಳಗಿನ ಒಂದು, ಈ ನಾಲ್ಕು ಬಾಗಿಲು ತಟ್ಟಿ ಆ ನಾಲ್ಕು ಪ್ರಶ್ನೆ ಕೇಳಿ. ಹತ್ತಿರದ ಕಣ್ಣಾಸ್ಪತ್ರೆ, ಪಶುವೈದ್ಯರ ನಂಬರ್ ಫೋನಲ್ಲಿ ಹಾಕಿಕೊಳ್ಳಿ. ಸೊಸೈಟಿ ಸೆಕ್ರೆಟರಿಗೆ ಜಾಗ, ಸಮಯದ ಬಗ್ಗೆ ಒಂದು ಮೆಸೇಜ್ ಹಾಕಿ. ಭಾನುವಾರದ ಒಂದು ಗಂಟೆಯ ಕೆಲಸ ಇದು.

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು. ದೀಪ ಜಾಸ್ತಿ ಹಚ್ಚಿ, ಪಟಾಕಿ ಹತ್ತು ಗಂಟೆಯೊಳಗೆ ಮುಗಿಸಿ.